ಎಲ್‌ಇಡಿಗೆ ಧಾರಾಳ, ಡ್ರೈವರ್‌ಗೆ ಜಿಪುಣತನ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪವರ್ ಎಲ್‌ಇಡಿ ಕೊಳ್ಳೋಕೆ ಬರುವವರನ್ನ ಗಮನಿಸಿದ್ದೀರಾ? ಒಂದು ವ್ಯಾಟಿಂದಾ ಮೂರು ವ್ಯಾಟಿಂದಾ, ಬಿಳಿಯಾ ವಾರ್ಮಾ, ಅಡಿಯಲ್ಲಿ ಅಲ್ಯೂಮಿನಿಯಂ ಪ್ಲೇಟ್ ಇದೆಯಾ ಅಂತ ಹತ್ತು ಪ್ರಶ್ನೆ. ಡ್ರೈವರ್ ವಿಷಯ ಬಂದಾಗ ಮಾತ್ರ "ಯಾವುದಾದ್ರೂ ಒಂದು ಕೊಡಿ ಸಾರ್". ನನ್ನ ತಕರಾರು ಈ "ಯಾವುದಾದ್ರೂ ಒಂದು" ಬಗ್ಗೆಯೇ.

ಹಳೇ ಬಲ್ಬಿನ ಹಾಗೆ ಇಷ್ಟು ವೋಲ್ಟ್ ಕೊಟ್ಟರೆ ಮುಗೀತು ಅನ್ನೋ ವಸ್ತು ಅಲ್ಲ ಇದು. ಒಂದು ವ್ಯಾಟಿನ ಬಿಳಿ ಎಲ್‌ಇಡಿ ಸುಮಾರು 3.2 ವೋಲ್ಟಿನಲ್ಲಿ 350 ಮಿಲಿಆಂಪ್ ತಗೊಳ್ಳುತ್ತೆ. ವೋಲ್ಟೇಜ್ ಚೂರು ಏರಿದರೂ ಕರೆಂಟ್ ನೆಗೆಯುತ್ತೆ. ಸಾಲದ್ದಕ್ಕೆ, ಬಿಸಿಯಾದಂತೆಲ್ಲ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತೆ. ವೋಲ್ಟೇಜನ್ನ ಕಟ್ಟಿಹಾಕಿ ಕೂತರೆ ಬಿಸಿ ಕರೆಂಟನ್ನ ಏರಿಸುತ್ತೆ, ಕರೆಂಟ್ ಬಿಸಿಯನ್ನ ಏರಿಸುತ್ತೆ. ಕಟ್ಟಿಹಾಕಬೇಕಾದ್ದು ಕರೆಂಟನ್ನ. ಡ್ರೈವರ್ ಕೆಲಸ ಅದೇ.

ಕಿಟ್‌ಗಳ ಕೈಪಿಡಿ ಇದನ್ನ ಹೇಳಲ್ಲ. ಮೂರು ಎಲ್‌ಇಡಿ ಸರಣಿಯಲ್ಲಿ, 12 ವೋಲ್ಟ್ ಅಡಾಪ್ಟರ್, 6.8 ಓಮ್ ರೆಸಿಸ್ಟರ್, ಶುಭಂ! ಲೆಕ್ಕವೇನೋ ಸರಿ. ಆದರೆ ಅಡಾಪ್ಟರ್ ನಿಜಕ್ಕೂ 13 ವೋಲ್ಟ್ ಕೊಡ್ತಿದ್ದರೆ ಕರೆಂಟ್ 450 ಮಿಲಿಆಂಪಿನ ಆಸುಪಾಸಿಗೆ ಹೋಗುತ್ತೆ. ರೆಸಿಸ್ಟರ್‌ನಲ್ಲಿ ಮಾಮೂಲಿಗೇ 0.8 ವ್ಯಾಟ್ ಸುಡುತ್ತೆ; ಕಾಲು ವ್ಯಾಟಿನದ್ದು ಹಾಕಿದರೆ ಮೊದಲು ವಾಸನೆ, ಆಮೇಲೆ ಹೊಗೆ.

ಹಳಬರ ಪ್ರೀತಿಯ ಎಲ್‌ಎಂ317 ಬಗ್ಗೆ ನನಗೂ ಗೌರವ ಇದೆ. 1.25ನ್ನು ಬೇಕಾದ ಆಂಪ್‌ನಿಂದ ಭಾಗಿಸಿದರೆ ರೆಸಿಸ್ಟರ್ ಸಿಕ್ಕಿತು: 350 ಮಿಲಿಆಂಪಿಗೆ 3.6 ಓಮ್. ಆದರೆ ತನ್ನ ಪಾಲಿಗೆ ಅದು ಮೂರು ವೋಲ್ಟ್ ಕೇಳುತ್ತೆ, ಹಾಗಾಗಿ 12 ವೋಲ್ಟಿನಲ್ಲಿ ಮೂರು ಎಲ್‌ಇಡಿ ನಡೆಯಲ್ಲ. ಎರಡಕ್ಕೆ ಇಳಿಸಿದರೆ ಅಡಾಪ್ಟರ್ ಕೊಡುವ 4.2 ವ್ಯಾಟಿನಲ್ಲಿ ಹತ್ತಿರ ಅರ್ಧ ಹೀಟ್‌ಸಿಂಕಿಗೆ ನೈವೇದ್ಯ.

ನನ್ನ ಓಟು ಪಿಟಿ4115 ಥರದ ಬಕ್ ಡ್ರೈವರ್‌ಗೆ. 6ರಿಂದ 30 ವೋಲ್ಟ್ ಒಳಗೆ ಏನು ಕೊಟ್ಟರೂ ಕರೆಂಟನ್ನ ಹಿಡಿದಿಡುತ್ತೆ, ಬಿಸಿ ಕಡಿಮೆ, ಬೆಳಕು ಏರಿಸಿ ಇಳಿಸೋಕೆ ಒಂದು ಕಾಲೂ ಇದೆ. ಸೆನ್ಸ್ ರೆಸಿಸ್ಟರ್ 0.3 ಓಮ್ ಇಟ್ಟರೆ 330 ಮಿಲಿಆಂಪ್ ಚಿಲ್ಲರೆ. ಒಂದೇ ಷರತ್ತು: ಎಲ್‌ಇಡಿ ಸರಣಿಗಿಂತ ಒಂದೆರಡು ವೋಲ್ಟ್ ಹೆಚ್ಚು ಒಳಗೆ ಬರಬೇಕು, ಯಾಕಂದ್ರೆ ಬಕ್ ಇಳಿಸುತ್ತೆ, ಏರಿಸಲ್ಲ.

ನಿಜವಾದ ಸಿಟ್ಟು ಇರೋದು ನೇರ 230 ವೋಲ್ಟಿಗೆ ಹಾಕುವ ಬೆರಳುದ್ದದ ಬೋರ್ಡುಗಳ ಮೇಲೆ. "8-12×1 ವ್ಯಾಟ್" ಅಂತ ಬರೆದಿರುತ್ತಲ್ಲ, ಅದೇ. ಹಾಗಂದ್ರೆ ಸರಣಿಯಲ್ಲಿ ಕಡೇಪಕ್ಷ ಎಂಟು ಎಲ್‌ಇಡಿ ಇರಲೇಬೇಕು. ಮೂರು ಹಾಕಿ ಮಿಣುಕ್ತಿದೆ ಅಂತ ಬೈಯೋದು ತಪ್ಪು. ಆದರೆ ಬರೆಯದೇ ಬಿಟ್ಟ ವಿಷಯ ಇನ್ನೂ ದೊಡ್ಡದು. ಇವುಗಳಲ್ಲಿ ಎಷ್ಟೋ ಬೋರ್ಡಿನಲ್ಲಿ ಟ್ರಾನ್ಸ್‌ಫಾರ್ಮರ್ರೇ ಇಲ್ಲ, ಬರೀ ಒಂದು ಕಾಯಿಲ್. ಔಟ್‌ಪುಟ್ 30 ವೋಲ್ಟ್ ಅಂತ ಮೀಟರ್ ತೋರಿಸಿದರೂ ಆ ತಂತಿ ಮನೆಯ ಕರೆಂಟಿಗೇ ಅಂಟಿಕೊಂಡಿದೆ, ನೆಲದ ಮೇಲೆ ನಿಂತು ಮುಟ್ಟಿದವರಿಗೆ ಸಿಗೋದು 30 ಅಲ್ಲ. ಪ್ಲಾಸ್ಟಿಕ್ ಬಲ್ಬಿನೊಳಗೆ ಮುಚ್ಚಿಟ್ಟಾಗ ತೊಂದರೆಯಿಲ್ಲ. ಅದನ್ನೇ ಶಾಲೆಯ ವಿಜ್ಞಾನ ಪ್ರದರ್ಶನದ ಮೇಜಿಗೆ, ತೆರೆದ ಅಲ್ಯೂಮಿನಿಯಂ ಪಟ್ಟಿಯ ಜೊತೆ ಮಾರ್ತಾರೆ ನೋಡಿ, ಅದಕ್ಕೆ ಏನನ್ನಬೇಕು?

ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿಯಾದ ಮೇಲೆ, ಮಲ್ಟಿಮೀಟರಿನ ಡಯೋಡ್ ಮೋಡಿನಲ್ಲಿ ಒಳತಂತಿ–ಹೊರತಂತಿ ನಡುವೆ ಎರಡೂ ದಿಕ್ಕಿನಲ್ಲಿ ಹಿಡಿದು ನೋಡಿ. ಏನಾದರೂ ಅಂಕಿ ತೋರಿಸಿದರೆ ಪಕ್ಕಕ್ಕಿಡಿ. ತೋರಿಸದಿದ್ದ ಮಾತ್ರಕ್ಕೆ ನಂಬಲೂ ಬೇಡಿ. ಒಳಗಿನ ಸುತ್ತುಗಳ ನಡುವೆ ಎಂಥ ಇನ್ಸುಲೇಶನ್ ಇದೆಯೋ ಮೀಟರಿಗೆ ಗೊತ್ತಾಗಲ್ಲ.

ಮೀನಿನ ತೊಟ್ಟಿಗೆ ದೀಪ ಮಾಡ್ತೀನಿ ಅನ್ನೋರಂತೂ ಆ ಬೋರ್ಡಿನ ಕಡೆ ತಿರುಗಿಯೂ ನೋಡಬೇಡಿ. ಬಿಐಎಸ್ ಗುರುತಿನ ಮುಚ್ಚಿದ ಅಡಾಪ್ಟರ್ ಗೋಡೆ ಹತ್ತಿರ, ನೀರಿನಿಂದ ದೂರ. ತೊಟ್ಟಿಯ ಕಡೆಗೆ ಬರೀ ಬಕ್ ಬೋರ್ಡು. ಮೂರು ಎಲ್‌ಇಡಿಗೆ 12 ವೋಲ್ಟ್, ಆರಕ್ಕೆ 24. ಖರ್ಚು ಸ್ವಲ್ಪ ಜಾಸ್ತಿ, ಹೌದು. ಮತ್ತೆ, ಎಲ್‌ಇಡಿ ಜೋಡಿಸಿದ ಮೇಲೆ ಸ್ವಿಚ್ ಹಾಕಿ, ಸ್ವಿಚ್ ಹಾಕಿದ ಡ್ರೈವರಿಗೆ ಎಲ್‌ಇಡಿ ತಗುಲಿಸಬೇಡಿ.