ನವಲಗುಂದದ ಕಟಕಟೆಯಿಂದ ನೋಡಿದರೆ

ಮನೋವಿಜ್ಞಾನವನ್ನೂ ಕಾನೂನನ್ನೂ ಕೂಡಿಸಿ ನೋಡುವ ವಿದ್ವತ್ ಪರಂಪರೆಗೆ ‘ಲಾ ಅಂಡ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆ ಬೆನ್ನೆಲುಬು. 1977ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಪತ್ರಿಕೆಯ ಹೆಸರಿನಲ್ಲಿ ಕಾನೂನು ಇಡಿಯಾಗಿದೆ, ಒಳಗಿನ ಪುಟಗಳಲ್ಲಿ ಮಾತ್ರ ಅದರ ಒಂದು ಮೂಲೆಯಷ್ಟೇ ತುಂಬಿಕೊಂಡಿತು. ಪ್ರತ್ಯಕ್ಷ ಸಾಕ್ಷಿ ಮತ್ತು ಜ್ಯೂರಿ, ಇವೆರಡರ ಸುತ್ತಲೇ ಪ್ರಯೋಗಗಳು ಬೆಳೆದವು. ಸಾಕ್ಷಿಯೊಂದೇ ಕಾನೂನಲ್ಲ ಎಂದು ಸಂಪಾದಕ ಮೈಕಲ್ ಸ್ಯಾಕ್ಸ್ 1986ರಲ್ಲೇ ಎಚ್ಚರಿಸಿದ್ದರು. ಆ ಎಚ್ಚರಿಕೆಗೆ ಸಿಗಬೇಕಾದಷ್ಟು ಬೆಲೆ ಸಿಗಲಿಲ್ಲ.

ಹಾಗಂತ ಈ ಪರಂಪರೆಯ ಸಾಧನೆ ಸಣ್ಣದಲ್ಲ. ಕಾರುಗಳು ‘ತಾಗಿದಾಗ’ ಎಷ್ಟು ವೇಗವಿತ್ತು ಎಂದು ಕೇಳಿದರೆ ಒಂದು ಉತ್ತರ, ‘ಅಪ್ಪಳಿಸಿದಾಗ’ ಎಂದು ಕೇಳಿದರೆ ಹೆಚ್ಚಿನ ವೇಗದ ಉತ್ತರ ಬರುತ್ತದೆಂದು ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ 1974ರಲ್ಲಿ ತೋರಿಸಿದರು. ಗುರುತು ಹಿಡಿಸುವ ಪರೇಡ್ ನಡೆಸುವವನಿಗೆ ಆರೋಪಿ ಯಾರೆಂದು ಗೊತ್ತಿರಬಾರದು, ನಿಜವಾದ ಅಪರಾಧಿ ಸಾಲಿನಲ್ಲಿ ಇಲ್ಲದೆಯೂ ಇರಬಹುದೆಂದು ಸಾಕ್ಷಿಗೆ ಮೊದಲೇ ಹೇಳಬೇಕು ಎಂಬ ಶಿಫಾರಸುಗಳು 1998ರಲ್ಲಿ ಇದೇ ಪತ್ರಿಕೆಯಲ್ಲಿ ಬಂದವು. ನಿರಪರಾಧಿಗಳನ್ನು ಉಳಿಸುವ ವಿದ್ಯೆ ಇದು. ಅದಕ್ಕೆ ನನ್ನ ಗೌರವ ಪೂರ್ತಿ ಇದೆ.

ಆದರೆ ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿಯ ಕೋರ್ಟಿಗೆ ಬಂದು ನೋಡಿ. ಜ್ಯೂರಿ ಇಲ್ಲ, ಕ್ರಿಮಿನಲ್ ವಿಚಾರಣೆಯಿಂದ 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ಕೈಬಿಟ್ಟಿತು. ಬದುವಿನ ಜಗಳದಲ್ಲಿ ಕೊಡಲಿ ಎತ್ತಿದವನ ಮುಖ ಸಾಕ್ಷಿಗೆ ಅಪರಿಚಿತವೂ ಅಲ್ಲ. ಹುಟ್ಟಿನಿಂದ ಕಂಡವನು, ಅದೇ ಓಣಿಯವನು, ಬೀಗನೂ ಇರಬಹುದು. ಇಲ್ಲಿ ತೊಡಕು ಮುಖ ನೆನಪಿನಲ್ಲಿದೆಯೇ ಎಂಬುದಲ್ಲ, ಹೆಸರು ಹೇಳಿ ಊರಲ್ಲಿ ಬಾಳುವುದು ಹೇಗೆ ಎಂಬುದು. ಕೇಸು ಹಿಯರಿಂಗಿಗೆ ಬರುವ ಹೊತ್ತಿಗೆ ಹಿರಿಯರು ರಾಜಿ ಮಾಡಿಸಿರುತ್ತಾರೆ, ಪಂಚರು ‘ಪೊಲೀಸರು ಸಹಿ ಮಾಡಂದ್ರು, ಮಾಡಿದ್ವಿ’ ಎನ್ನುತ್ತಾರೆ, ಸಾಕ್ಷಿ ಪ್ರತಿಕೂಲನಾಗುತ್ತಾನೆ. ಕಾಲೇಜು ವಿದ್ಯಾರ್ಥಿಗಳಿಗೆ ವಿಡಿಯೊ ತೋರಿಸಿ ಮಾಡಿದ ಪ್ರಯೋಗದಲ್ಲಿ ಈ ಮನಸ್ಸಿನ ಸುಳಿವು ಸಿಗುವುದಿಲ್ಲ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಗಂಭೀರವಾಗಿ ಕಾಣುತ್ತದೆ. ಸಾಕ್ಷಿಯ ಹೇಳಿಕೆಯನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ಬರೆದುಕೊಳ್ಳಬೇಕೆಂದು ಸಂಹಿತೆಯ 275 ಮತ್ತು 276ನೇ ಕಲಮುಗಳು ಹೇಳಿದ್ದವು. ಪ್ರಶ್ನೋತ್ತರವಾಗಿ ಬರೆಸುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಇದರ ಪರಿಣಾಮ ನೋಡಿ. ‘ಎಷ್ಟ ಹೊತ್ತಾಗಿತ್ತು?’ ಎಂದರೆ ಅಣ್ಣಿಗೇರಿ ಕಡೆಯ ರೈತ ‘ಎತ್ತ ಬಿಚ್ಚೂ ಹೊತ್ತರೀ’ ಎನ್ನುತ್ತಾನೆ. ‘ಅಂದ್ರ ಆರು ಗಂಟೆ ಆಗಿರಬೇಕಲ್ಲ?’ ‘ಹೌದ್ರೀ, ಆಗಿರಬೇಕು.’ ಟೈಪಾಗುವುದು ಒಂದೇ ವಾಕ್ಯ: ‘ಸಂಜೆ 6 ಗಂಟೆಗೆ ನಾನು ಹೊಲದಲ್ಲಿದ್ದೆನು.’ ಗಂಟೆ ಹೇಳಿದವರು ಕೇಳಿದವರೇ ಹೊರತು ಸಾಕ್ಷಿಯಲ್ಲ. ಪಾಟೀಸವಾಲಿನಲ್ಲಿ ಅದೇ ಗಂಟೆ ಹಿಡಿದು ಅವನನ್ನು ಸುಳ್ಳುಗಾರನನ್ನಾಗಿ ಮಾಡಲಾಗುತ್ತದೆ. ಪ್ರಶ್ನೆ ಉತ್ತರವನ್ನು ಬದಲಿಸುತ್ತದೆಂದು ಲಾಫ್ಟಸ್ ತೋರಿಸಿ ಐವತ್ತು ವರ್ಷ ದಾಟಿದೆ, ನಮ್ಮ ದಾಖಲೆಯಲ್ಲಿ ಪ್ರಶ್ನೆಯೇ ಉಳಿಯುವುದಿಲ್ಲ. ಮೇಲ್ಮನವಿ ಕೇಳುವ ನ್ಯಾಯಾಧೀಶರು ಅದನ್ನು ಎಲ್ಲಿ ಹುಡುಕಬೇಕು?

ನಮ್ಮ ದೇಶ ಮನೋವಿಜ್ಞಾನದಿಂದ ಆಸೆಪಟ್ಟು ಪಡೆದದ್ದು ಬೇರೆಯೇ: ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಮೆದುಳಿನ ನಕ್ಷೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು ಒಪ್ಪಿಗೆಯಿಲ್ಲದ ಇಂಥ ಪರೀಕ್ಷೆಗಳನ್ನು ತಡೆಯಿತು. ಒಳ್ಳೆಯದೇ ಆಯಿತು. ಆದರೆ ಯಂತ್ರ ಬಿಟ್ಟ ಜಾಗದಲ್ಲಿ ಸರಿಯಾಗಿ ಕೇಳುವ, ಸರಿಯಾಗಿ ಬರೆದುಕೊಳ್ಳುವ ವಿದ್ಯೆ ಬಂದು ಕೂರಲಿಲ್ಲ.

ಆ ಕೆಲಸಕ್ಕೆ ಧಾರವಾಡಕ್ಕಿಂತ ಹದವಾದ ನೆಲ ಬೇರೆ ಬೇಕಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ, ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್, ಹೈಕೋರ್ಟ್ ಪೀಠ ಇಲ್ಲಿವೆ. ಹುಬ್ಬಳ್ಳಿಯ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. ಇವರೆಲ್ಲ ಕೂಡಿ ಕನ್ನಡದಲ್ಲಿ ಒಂದು ಪತ್ರಿಕೆ ತರಲಿ. ಮೊದಲ ಸಂಚಿಕೆಗೆ ಅಮೆರಿಕದ ಪ್ರಯೋಗಗಳನ್ನು ಮರುಕಳಿಸುವುದು ಬೇಡ, ತಾಲೂಕು ಕೋರ್ಟುಗಳ ಸಾಕ್ಷ್ಯವನ್ನು ಪ್ರಶ್ನೆ ಸಮೇತ ದಾಖಲಿಸಿ ಅಭ್ಯಾಸ ಮಾಡಲಿ. ವಾರಂಟ್ ಪ್ರಕರಣಗಳಲ್ಲಿ ಸಾಕ್ಷ್ಯವನ್ನು ಧ್ವನಿ-ದೃಶ್ಯ ಮುದ್ರಣ ಮಾಡಿಕೊಳ್ಳಲು ಕಾನೂನು 2008ರ ತಿದ್ದುಪಡಿಯಲ್ಲೇ ಅನುಮತಿ ಕೊಟ್ಟಿದೆ.