ಮೈಸೂರಿಗೆ ಅರ್ಪಿಸಿದ ನದಿ

ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರನ ಮೂರನೆಯ ಪಿಯಾನೋ ಕಾನ್ಚೆರ್ಟೊ ಅವಸರದ ಕಿವಿಗೆ ಒಲಿಯುವುದಿಲ್ಲ. ರಾತ್ರಿ ಊಟವಾಗಿ, ರಸ್ತೆಯ ಸದ್ದು ಇಳಿದ ಮೇಲೆ ಕೇಳಬೇಕು. ರಷ್ಯದ ಕವಿ ಲೆರ್ಮೊಂಟೊವ್‌ನ ಜಲಕನ್ಯೆಯ ಕವಿತೆ ಇದರ ಮೂಲ: ನದಿಯ ತಳದಲ್ಲಿ ಕಣ್ಮುಚ್ಚಿ ಮಲಗಿದ ವೀರ, ಅವನನ್ನು ಎಬ್ಬಿಸಲಾರದ ಜಲಕನ್ಯೆ. ಮೂರು ಭಾಗಗಳ ನಡುವೆ ಎಲ್ಲಿಯೂ ನಿಲುಗಡೆಯಿಲ್ಲ. ಪಿಯಾನೋ ವಾದ್ಯವೃಂದದ ಒಳಗಿನಿಂದ ಮೇಲೆದ್ದು, ಒಂದಿಷ್ಟು ಹೊಳೆದು, ಮತ್ತೆ ಅದರಲ್ಲೇ ಕರಗುತ್ತದೆ.

ಈ ಕೃತಿಯನ್ನು ಮೆಟ್ನರ್ ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ. ಬೆಂಗಳೂರಿನ ಜಯನಗರದ ಮನೆಯೊಂದರಲ್ಲಿ ಕೂತು ಕೇಳುವ ನನಗೆ ಆ ಮಾತು ಪ್ರತಿ ಸಲವೂ ಪುಳಕ ತರುತ್ತದೆ.

ಜಯಚಾಮರಾಜ ಒಡೆಯರು ಪಿಯಾನೋವನ್ನು ಅರಮನೆಯ ಶೋಕಿಗೆಂದು ಕಲಿತವರಲ್ಲ. ವೇದಿಕೆಯ ಪಿಯಾನೋವಾದಕರಾಗಬೇಕೆಂಬುದು ಅವರ ಹಂಬಲವಾಗಿತ್ತು. 1940ರಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರು, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಇಪ್ಪತ್ತೊಂದರ ಯುವಕ ಸಿಂಹಾಸನ ಏರಬೇಕಾಯಿತು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು 1945ರಲ್ಲಿ ಅವರಿಗೆ ಗೌರವ ಫೆಲೋಶಿಪ್ ನೀಡಿತು, ನಿಜ. ಆದರೆ ವೇದಿಕೆ ಅಷ್ಟರಲ್ಲಾಗಲೇ ಕೈತಪ್ಪಿತ್ತು.

ಉಳಿದದ್ದು ಕಿವಿ. ಎಂಥ ಕಿವಿ! ಲಂಡನ್ನಿನಲ್ಲಿ ಆರೋಗ್ಯ ಕೆಟ್ಟು, ಬಹುಮಟ್ಟಿಗೆ ಮರೆತುಹೋಗಿದ್ದ ಮೆಟ್ನರನನ್ನು ಆ ಕಿವಿ ಹುಡುಕಿಕೊಂಡಿತು. ಮಹಾರಾಜರ ಹಣದಿಂದ ಎಚ್‌ಎಂವಿ ಕಂಪನಿ ಅವನ ಕೃತಿಗಳನ್ನು ಅವನ ಕೈಯಲ್ಲೇ ನುಡಿಸಿ ಧ್ವನಿಮುದ್ರಿಸಿತು. 1947ರಲ್ಲಿ ಮೂರೂ ಕಾನ್ಚೆರ್ಟೊಗಳು ಮುಗಿದವು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದೂ ಮೈಸೂರಿನ ಬೆಂಬಲದಿಂದಲೇ.

ಕಾನ್ಚೆರ್ಟೊಕ್ಕಿಂತ ನನಗೆ ಹತ್ತಿರವಾದದ್ದು ಮೆಟ್ನರನ ಪಿಯಾನೋ ಕ್ವಿಂಟೆಟ್. ಪಿಯಾನೋ, ಎರಡು ಪಿಟೀಲು, ವಿಯೋಲ, ಚೆಲ್ಲೊ: ಐದೇ ಜನ. ಇಪ್ಪತ್ತರ ಹರೆಯದಲ್ಲಿ ಮೊಳೆತ ಕೃತಿ ಎಪ್ಪತ್ತರ ಹೊಸ್ತಿಲಲ್ಲಿ ಮುಗಿಯಿತು. ಮೊದಲ ಭಾಗದಲ್ಲಿ ಸತ್ತವರಿಗಾಗಿ ಹಾಡುವ ಹಳೆಯ ಚರ್ಚ್ ಧಾಟಿಯ ಎಳೆಯೊಂದು ಸುಳಿಯುತ್ತದೆ. ಭಯ ಹುಟ್ಟಿಸುವುದಿಲ್ಲ, ಮನಸ್ಸನ್ನು ತಣ್ಣಗೆ ಮಾಡುತ್ತದೆ. ಹಿಂದಿನ ಭಾಗಗಳ ಧಾಟಿಗಳೆಲ್ಲ ಕೊನೆಯ ಭಾಗದಲ್ಲಿ ಮರಳಿ ಬಂದು ಒಂದರೊಳಗೊಂದು ಹೆಣೆದುಕೊಳ್ಳುವಾಗ ಅರ್ಧ ಶತಮಾನ ಒಟ್ಟಿಗೆ ಕೂಡಿದಂತಾಗುತ್ತದೆ.

ಇಲ್ಲಿ ಪಿಯಾನೋವಾದಕನ ಕೆಲಸ ಸೂಕ್ಷ್ಮವಾದದ್ದು. ಕಮಾನು ಎಳೆದಷ್ಟು ಹೊತ್ತೂ ಪಿಟೀಲಿನ ಸ್ವರ ಬದುಕಿರುತ್ತದೆ, ಬೇಕಾದರೆ ಬೆಳೆಯುತ್ತದೆ. ಪಿಯಾನೋದ ಸ್ವರ ಹುಟ್ಟಿದ ಗಳಿಗೆಯಿಂದಲೇ ಕ್ಷೀಣಿಸುತ್ತದೆ. ಅದಕ್ಕೆ ಜಾರು ಇಲ್ಲ, ಗಮಕ ಇಲ್ಲ. ಬೆರಳಿನ ಭಾರ, ಪೆಡಲಿನ ಮೇಲಿನ ಪಾದ, ಮುಂದಿನ ಸ್ವರಕ್ಕೆ ಹೋಗುವ ಹೊತ್ತು, ಇಷ್ಟರಲ್ಲೇ ಅವನು ಎಳೆದ ಸ್ವರದ ಭ್ರಮೆ ಹುಟ್ಟಿಸಬೇಕು. ಚೆಲ್ಲೊ ಮಾತಾಡುವಾಗ ಎಡಗೈ ತಗ್ಗಬೇಕು. ರಾಗಿಗುಡ್ಡದ ದೇವಸ್ಥಾನದ ಕಛೇರಿಗಳಲ್ಲಿ ಒಳ್ಳೆಯ ಪಿಟೀಲು ಪಕ್ಕವಾದ್ಯ ಕೇಳಿದವರಿಗೆ ಈ ವಿನಯದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ನೋಡಿದರೆ ಮಹಾರಾಜರೂ ಕರ್ನಾಟಕ ಸಂಗೀತದ ಕಡೆ ಹೊರಳಿದವರೇ. ವೀಣೆ ವೆಂಕಟಗಿರಿಯಪ್ಪನವರಲ್ಲಿ, ವಾಸುದೇವಾಚಾರ್ಯರಲ್ಲಿ ಕಲಿತು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು.

ಇಂದು ಜಯನಗರ, ಬನಶಂಕರಿ, ಜೆ.ಪಿ. ನಗರದ ಎಷ್ಟೋ ಮಕ್ಕಳು ಅದೇ ಟ್ರಿನಿಟಿ ಹೆಸರಿನ ಗ್ರೇಡ್ ಪರೀಕ್ಷೆಗೆ ಸಂಜೆಯೆಲ್ಲ ಪಿಯಾನೋ ಅಭ್ಯಾಸ ಮಾಡುತ್ತಾರೆ. ಕೆಲವರ ಬೆರಳು ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಆದರೆ ಅವರು ಹೆಚ್ಚಾಗಿ ಒಬ್ಬರೇ ನುಡಿಸುತ್ತಾರೆ; ಪರೀಕ್ಷೆ ಕೇಳುವುದೂ ಅದನ್ನೇ. ಹದಿನಾರು, ಹದಿನೇಳರಲ್ಲಿ ಇನ್ನೊಬ್ಬರ ಉಸಿರಿಗೆ ಕಾಯುವುದನ್ನು ಕಲಿಯದ ಪಿಯಾನೋವಾದಕನಿಗೆ ಮುಂದೆ ಅದು ಕಷ್ಟವಾಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಜೆ.ಪಿ. ನಗರದಲ್ಲಿ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್‌ನಂಥ ಸಂಗೀತದ ವಸ್ತುಸಂಗ್ರಹಾಲಯವೇ ಇದೆ. ಅಲ್ಲಿ ನಮ್ಮ ಬಡಾವಣೆಗಳ ಐವರು ಎಳೆಯರು ಈ ಕ್ವಿಂಟೆಟ್ ನುಡಿಸುವುದನ್ನು ಕೇಳಬೇಕೆಂಬುದು ನನ್ನ ಆಸೆ. ಇಡೀ ಕೃತಿ ಒಮ್ಮೆಲೇ ಬೇಡ. ಎರಡನೆಯ ಭಾಗ ಚಿಕ್ಕದು, ಅದರಿಂದಲೇ ಶುರು ಮಾಡಬಹುದು.