ಗಾಜಿನೊಳಗೂ ಉಳಿಯುವ ಜೋಡಿ

ಹವಳದ ಅಕ್ವೇರಿಯಂ ಇಟ್ಟವರು ಮೊದಮೊದಲು ಮರುಳಾಗುವುದು ಮೀನಿನ ಬಣ್ಣಕ್ಕೆ. ಕೈ ಸ್ವಲ್ಪ ಪಳಗಿದ ಮೇಲೆ ಕಣ್ಣು ಜೋಡಿಗಳ ಕಡೆ ಹೊರಳುತ್ತದೆ. ಅನಿಮೋನ್ ಎಳೆಗಳ ನಡುವೆ ಹೊರಳಾಡುವ ಕ್ಲೌನ್ ಮೀನು, ಒಂದೇ ಬಿಲ ಹಂಚಿಕೊಂಡ ಗೋಬಿ ಮೀನು ಮತ್ತು ಸಿಗಡಿ, ದೊಡ್ಡ ಮೀನಿನ ಮೈ ಹೆಕ್ಕಿ ಶುಚಿ ಮಾಡುವ ಪುಟ್ಟ ರಾಸ್ ಮೀನು. ಬೇರೆ ಬೇರೆ ಜಾತಿಯ ಜೀವಗಳು ಒಂದಕ್ಕೊಂದು ಆಸರೆಯಾಗಿ ಬದುಕುವುದನ್ನು ನಡುಮನೆಯಲ್ಲಿ ಕೂತು ನೋಡುವ ಆಸೆ ಯಾರಿಗಾದರೂ ಹುಟ್ಟುವಂಥದ್ದೇ. ಈ ಜೋಡಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿಟ್ಟು, ಎಲ್ಲವೂ ಸಮಾನವಾಗಿ ಮನೆಗೆ ಒಗ್ಗುತ್ತವೆ ಎಂಬಂತೆ ಮಾರುವ ಮತ್ತು ಕೊಳ್ಳುವ ರೂಢಿಯ ಬಗ್ಗೆ ಮಾತ್ರ ನನಗೆ ಗಟ್ಟಿ ತಕರಾರಿದೆ.

ಸಮುದ್ರದಲ್ಲಿ ಈ ಪ್ರಾಣಿಗಳನ್ನು ಹತ್ತಿರ ತಂದದ್ದು ಕಷ್ಟ. ನುಂಗಲು ಕಾದಿರುವ ಬೇಟೆಗಾರ, ಚರ್ಮಕ್ಕೆ ಅಂಟುವ ಪರೋಪಜೀವಿ, ಅಡಗಲು ಮರೆಯೇ ಇಲ್ಲದ ಬಯಲು ಮರಳು. ಮನೆಯ ತೊಟ್ಟಿಯಲ್ಲಿ ಈ ಕಷ್ಟಗಳಲ್ಲಿ ಬಹುಪಾಲನ್ನು ನಾವೇ ತೆಗೆದುಹಾಕುತ್ತೇವೆ. ಆದ್ದರಿಂದ ಜೋಡಿ ಆರಿಸುವವರು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇಲ್ಲಿಗೆ ಬಂದ ಮೇಲೂ ಒಂದಕ್ಕೊಂದು ಮಾಡಿಕೊಡುವ ಕೆಲಸ ಏನಾದರೂ ಉಳಿದಿದೆಯೇ? ಜೋಡಿ ಕೂಡದೇ ಹೋದರೆ ಪ್ರಾಣ ಕಳೆದುಕೊಳ್ಳುವುದು ಯಾವುದು?

ಈ ಎರಡೂ ಪ್ರಶ್ನೆಗೆ ಸಮಾಧಾನದ ಉತ್ತರ ಕೊಡುವುದು ಪಿಸ್ತೂಲ್ ಸಿಗಡಿ ಮತ್ತು ಗೋಬಿಯ ಜೋಡಿ. ಸಿಗಡಿಗೆ ಕಣ್ಣು ಮಂದ, ಬಿಲ ತೋಡುವುದರಲ್ಲಿ ಮಾತ್ರ ಅದು ಎತ್ತಿದ ಕೈ. ಗೋಬಿಯ ಕಣ್ಣು ಚುರುಕು, ಅಂಥ ಬಿಲ ತೋಡಲು ಅದಕ್ಕೆ ಬಾರದು. ಬೆಳಿಗ್ಗೆ ದೀಪ ಹತ್ತಿದ ಸ್ವಲ್ಪ ಹೊತ್ತಿಗೆ ಗೋಬಿ ಬಿಲದ ಬಾಯಿಗೆ ಬಂದು, ತಲೆ ಹೊರಗಿಟ್ಟು, ಅತ್ತಿತ್ತ ನೋಡಿ ನಿಲ್ಲುತ್ತದೆ. ಹಿಂದೆಯೇ ಸಿಗಡಿ ಕೊಂಡಿಗಳನ್ನು ಮುಂದೆ ಚಾಚಿ, ಜೆಸಿಬಿಯ ಹಾಗೆ ಮರಳಿನ ರಾಶಿಯನ್ನು ತಳ್ಳಿಕೊಂಡು ಹೊರಬರುತ್ತದೆ. ಹೊರಗಿರುವಷ್ಟು ಹೊತ್ತೂ ಅದರ ಒಂದು ಮೀಸೆ ಗೋಬಿಯ ಮೈಗೆ ತಾಗಿಕೊಂಡೇ ಇರುತ್ತದೆ. ಗೋಬಿ ಬಾಲವನ್ನು ಸಣ್ಣಗೆ ಅದುರಿಸಿತೋ, ಸಿಗಡಿ ಇದ್ದ ಕೆಲಸ ಬಿಟ್ಟು ಸರ್ರನೆ ಹಿಂದಕ್ಕೆ ಸರಿಯುತ್ತದೆ. ಅಪಾಯ ದೊಡ್ಡದು ಅನ್ನಿಸಿದರೆ ಗೋಬಿಯೂ ತಲೆಕೆಳಗಾಗಿ ಬಿಲಕ್ಕೆ ನುಗ್ಗುತ್ತದೆ. ಗಾಜಿನ ಆಚೆ ನಿಂತವರ ನೆರಳು ಬಿದ್ದರೂ ಸಾಕು, ಈ ಇಡೀ ವ್ಯವಹಾರ ಕಣ್ಣೆದುರೇ ನಡೆದುಹೋಗುತ್ತದೆ. ಬೇಟೆಗಾರ ಇಲ್ಲದ ತೊಟ್ಟಿಯಲ್ಲೂ ಮರಳು ಕುಸಿಯುತ್ತಲೇ ಇರುವುದರಿಂದ ಸಿಗಡಿಗೆ ಕೆಲಸ ತಪ್ಪುವುದಿಲ್ಲ, ಹೊರಗೆ ಬರಲೇಬೇಕಾದ್ದರಿಂದ ಕಾವಲೂ ಬೇಕಾಗುತ್ತದೆ. ಒಂದು ವೇಳೆ ಎರಡೂ ಕೂಡದಿದ್ದರೆ ಗೋಬಿ ಯಾವುದಾದರೂ ಕಲ್ಲಿನ ಸಂದಿ ಹಿಡಿಯುತ್ತದೆ, ಸಿಗಡಿ ಬಂಡೆಯ ಬುಡದಲ್ಲಿ ತನ್ನ ಪಾಡಿಗೆ ಇರುತ್ತದೆ. ಯಾವುದೂ ಸಾಯುವುದಿಲ್ಲ. ನನಗೆ ಈ ಜೋಡಿ ಎಲ್ಲಕ್ಕಿಂತ ಮೇಲು ಅನ್ನಿಸುವುದು ಇದರಿಂದಲೇ.

ಆದರೆ ಕಣ್ಣು ಮುಚ್ಚಿ ಆರಿಸುವಂತಿಲ್ಲ. ಬಂಡೆಯೊಳಗೆ ಅಡಗಿ ಬರುವ ಎಷ್ಟೋ ಪಿಸ್ತೂಲ್ ಸಿಗಡಿಗಳು ಗೋಬಿಯ ಜೊತೆ ಬಾಳುವ ಜಾತಿಯವೇ ಅಲ್ಲ. ಮೊದಲ ಸಲ ಇಡುವವರಿಗೆ ಪಟ್ಟೆಪಟ್ಟೆಯ ಆಲ್ಫಿಯಸ್ ಬೆಲ್ಲುಲಸ್ ಸಿಗಡಿಯೂ ಹಳದಿ ವಾಚ್‌ಮನ್ ಗೋಬಿಯೂ ಒಳ್ಳೆಯ ಆಯ್ಕೆ, ಎರಡೂ ಗಟ್ಟಿಗ ಪ್ರಾಣಿಗಳು. ಕೆಂಪು ಬಿಳಿ ಗೆರೆಯ ಯಾಶಾ ಗೋಬಿ ಮತ್ತು ಅದೇ ಬಣ್ಣದ ಆಲ್ಫಿಯಸ್ ರಾಂಡಾಲಿ ಕೂಡಿದರೆ ನೋಡಲು ಎರಡು ಕಣ್ಣು ಸಾಲದು. ಆದರೆ ಯಾಶಾ ಬಲು ಅಂಜುಬುರುಕ, ಜೋರು ಮೀನುಗಳ ನಡುವೆ ಹೊಟ್ಟೆಗಿಲ್ಲದೆ ಸೊರಗುತ್ತದೆ. ತಳದಲ್ಲಿ ನುಣ್ಣನೆಯ ಮರಳಿನ ಜೊತೆ ಹವಳದ ಚೂರು, ಚಿಪ್ಪಿನ ಚೂರು ಬೆರೆತಿರಬೇಕು. ಬರೀ ನುಣುಪು ಮರಳಿನಲ್ಲಿ ಬಿಲದ ಚಾವಣಿ ನಿಲ್ಲದು. ಬಂಡೆಗಳನ್ನು ಮರಳಿನ ಮೇಲಿಡದೆ ನೇರ ಗಾಜಿನ ತಳಕ್ಕೆ ಕೂರಿಸಿ ಆಮೇಲೆ ಮರಳು ತುಂಬಬೇಕು, ಇಲ್ಲದಿದ್ದರೆ ಸಿಗಡಿ ಬುಡ ತೋಡಿ ಬಂಡೆ ಉರುಳಿಸುತ್ತದೆ. ಗೋಬಿ ಹಾರುವ ಮೀನಾದ್ದರಿಂದ ಮೇಲೆ ಬಲೆಯ ಮುಚ್ಚಳ ಬೇಕೇ ಬೇಕು. ಸಿಗಡಿ ಕೊಂಡಿ ಮುಚ್ಚುವ ರಭಸಕ್ಕೆ ನೀರಿನಲ್ಲಿ ಗುಳ್ಳೆಯೊಂದು ಹುಟ್ಟಿ ಒಡೆಯುತ್ತದೆ, ಆ ‘ಟಕ್’ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತದೆ. ಗಾಜು ಬಿರಿಯಿತೆಂದು ಹೊಸಬರು ಎದ್ದೋಡಿ ಬರುವುದುಂಟು.

ಇನ್ನು ಎಲ್ಲರೂ ಕೇಳುವ ಜೋಡಿಗೆ ಬರೋಣ. 2003ರ ‘ಫೈಂಡಿಂಗ್ ನೀಮೋ’ ಚಿತ್ರ ಬಂದ ಮೇಲೆ ಕ್ಲೌನ್ ಮೀನು ಮತ್ತು ಅನಿಮೋನ್ ಇಲ್ಲದ ಹವಳದ ತೊಟ್ಟಿಯೇ ಅಪೂರ್ಣ ಎಂಬ ಭಾವನೆ ಬೆಳೆದುಬಿಟ್ಟಿದೆ. ಮೂವತ್ತರ ಹತ್ತಿರ ಕ್ಲೌನ್ ಜಾತಿಗಳಿವೆ, ಅವುಗಳಿಗೆ ಆಶ್ರಯ ಕೊಡುವ ಅನಿಮೋನ್ ಜಾತಿಗಳು ಹತ್ತರಷ್ಟು. ಯಾವ ಮೀನು ಯಾವ ಅನಿಮೋನ್ ಸೇರುತ್ತದೆ ಎಂಬುದನ್ನು ಡಾಫ್ನೆ ಫೌಟಿನ್ ಮತ್ತು ಜೆರಾಲ್ಡ್ ಅಲೆನ್ 1992ರಲ್ಲೇ ಪುಸ್ತಕವಾಗಿ ಕೊಟ್ಟಿದ್ದಾರೆ. ಕಡಲಲ್ಲಿ ಸಾಮಾನ್ಯ ಕಿತ್ತಳೆ ಬಣ್ಣದ ಆಸೆಲ್ಲಾರಿಸ್ ಮೀನು ಸೇರುವುದು ಮೂರೇ ಜಾತಿಯ ಅನಿಮೋನ್‌ಗಳನ್ನು. ಮೂರೂ ಅಗಲವಾಗಿ ಹರಡುವಂಥವು, ಪ್ರಖರ ಬೆಳಕು ಬೇಡುವಂಥವು, ಸಣ್ಣ ತೊಟ್ಟಿಗೆ ಹೇಳಿಸಿದ್ದಲ್ಲ. ಅಂಗಡಿಯಲ್ಲಿ ಅದರ ಜೊತೆಗೆ ಕಟ್ಟಿಕೊಡುವ ಬಬಲ್ ಟಿಪ್ ಅನಿಮೋನ್ ಆ ಪಟ್ಟಿಯಲ್ಲೇ ಇಲ್ಲ. ತೊಟ್ಟಿಯಲ್ಲಿ ಎಷ್ಟೋ ಸಲ ಒಪ್ಪಿಕೊಳ್ಳುತ್ತದೆ ನಿಜ. ಆದರೆ ಅನಿಮೋನ್ ಕಡೆ ತಿರುಗಿಯೂ ನೋಡದೆ ಯಾವುದೋ ಹವಳದ ಮೇಲೆ ಮೈಯುಜ್ಜಿ ಅದನ್ನು ಹಣ್ಣು ಮಾಡುವ ಮೀನುಗಳೂ ಬೇಕಾದಷ್ಟಿವೆ. ಬಬಲ್ ಟಿಪ್‌ಗೆ ಕಡಲಲ್ಲೇ ಒಲಿದ ಸಂಗಾತಿ ಬೇಕೆಂದರೆ ಕಡುಗೆಂಪು ಮರೂನ್ ಕ್ಲೌನ್ ಇದೆ. ಅದರ ಹೆಣ್ಣು ಗೇಣುದ್ದ ಬೆಳೆದು ತೊಟ್ಟಿಗೆಲ್ಲ ಯಜಮಾನಿಯಾಗಿ ಉಳಿದ ಮೀನುಗಳನ್ನು ಅಟ್ಟಾಡಿಸುತ್ತದೆ. ಅದಕ್ಕೆ ಸಿದ್ಧರಿರಬೇಕು.

ಕಡಲಲ್ಲಿ ಕ್ಲೌನ್ ಮೀನು ಅನಿಮೋನನ್ನು ತಿನ್ನಲು ಬರುವ ಚಿಟ್ಟೆಮೀನುಗಳನ್ನು ಓಡಿಸುತ್ತದೆ, ಅದರ ಹೊಲಸು ಅನಿಮೋನ್ ಮೈಯೊಳಗಿನ ಪಾಚಿಗೆ ಗೊಬ್ಬರವಾಗುತ್ತದೆ. ಪ್ರತಿಯಾಗಿ ಮೀನಿಗೆ ಕುಟುಕುವ ಎಳೆಗಳ ಕೋಟೆ ಸಿಗುತ್ತದೆ. ತೊಟ್ಟಿಯಲ್ಲಿ ಚಿಟ್ಟೆಮೀನು ಇಲ್ಲ, ನೀರಿನಲ್ಲಿ ಗೊಬ್ಬರದ ಅಂಶ ಯಾವಾಗಲೂ ಅಗತ್ಯಕ್ಕಿಂತ ಹೆಚ್ಚೇ ಇರುತ್ತದೆ. ಕ್ಲೌನ್ ಮೀನಂತೂ ಅನಿಮೋನ್ ಇಲ್ಲದೆಯೂ ಬೆಳೆದು, ಜೋಡಿಯಾಗಿ, ಮಡಕೆಯ ಚೂರಿನ ಮೇಲೂ ಮೊಟ್ಟೆಯಿಡುತ್ತದೆ. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಅದರ ಮರಿ ಮಾಡಿಸುವ ವಿಧಾನ ರೂಪಿಸಿದೆ. ಅಂದಮೇಲೆ ಈ ಜೋಡಿಯಲ್ಲಿ ಜೀವ ಪಣಕ್ಕಿಟ್ಟಿರುವುದು ಅನಿಮೋನ್ ಒಂದೇ. ಬೆಳಕು ಸಾಲದಿದ್ದರೆ ಮೈಯೊಳಗಿನ ಪಾಚಿ ಕಳೆದುಕೊಂಡು ಬಿಳಿಚುತ್ತದೆ. ಜಾಗ ಹಿಡಿಸದಿದ್ದರೆ ರಾತ್ರೋರಾತ್ರಿ ಹೊರಟು ಪಂಪಿನ ಬಾಯಿಗೆ ಸಿಕ್ಕಿ ಛಿದ್ರವಾಗುತ್ತದೆ, ಕೊಳೆತು ಇಡೀ ತೊಟ್ಟಿಯ ನೀರು ಕೆಡಿಸುತ್ತದೆ. ಕಡಲಲ್ಲಿ ದಶಕಗಟ್ಟಲೆ ಬಾಳುವ ಪ್ರಾಣಿಯನ್ನು ನಾಲ್ಕು ತಿಂಗಳ ತೊಟ್ಟಿಗೆ ಇಳಿಸುವುದು ನನ್ನ ಮಟ್ಟಿಗೆ ಕ್ರೌರ್ಯ. ವರ್ಷ ದಾಟಿ ನೆಲೆಗೊಂಡ ತೊಟ್ಟಿ, ಕರೆಂಟು ಹೋದರೂ ನಿಲ್ಲದ ಪಂಪು, ಬೇಸಿಗೆಯಲ್ಲಿ ನೀರು ತಂಪಾಗಿಡುವ ಏರ್ಪಾಡು, ಇವಿದ್ದರೆ ಮಾತ್ರ ತರಬೇಕು. ತರುವುದಾದರೆ ಇನ್ನೊಬ್ಬ ಹವ್ಯಾಸಿಯ ತೊಟ್ಟಿಯಲ್ಲೇ ಸೀಳಿ ಎರಡಾದ ಬಬಲ್ ಟಿಪ್ ತರಬೇಕು. ಅದು ಆಗಲೇ ದೀಪದ ಬೆಳಕಿಗೆ ಒಗ್ಗಿರುತ್ತದೆ, ಕಡಲಿನಿಂದ ಒಂದನ್ನು ಕಿತ್ತ ಹಾಗೂ ಆಗುವುದಿಲ್ಲ.

ಕ್ಲೀನರ್ ರಾಸ್ ವಿಷಯದಲ್ಲಿ ಇಷ್ಟು ಚರ್ಚೆಯೂ ಬೇಡ, ಅದನ್ನು ಕೊಳ್ಳಲೇಬಾರದು. ಆಸ್ಟ್ರೇಲಿಯಾದ ಲಿಝರ್ಡ್ ದ್ವೀಪದಲ್ಲಿ ಅಲೆಕ್ಸಾಂಡ್ರಾ ಗ್ರಟರ್ ಲೆಕ್ಕ ಹಾಕಿದ ಪ್ರಕಾರ ಒಂದು ಮೀನು ದಿನಕ್ಕೆ ಸರಾಸರಿ 1,200ಕ್ಕೂ ಹೆಚ್ಚು ಪರೋಪಜೀವಿಗಳನ್ನು ತಿನ್ನುತ್ತದೆ. ನಾಲ್ಕೈದು ಮೀನಿರುವ ಮನೆಯ ತೊಟ್ಟಿಯಲ್ಲಿ ಆ ಊಟ ಎಲ್ಲಿಂದ ಬರಬೇಕು? ಹಸಿದ ರಾಸ್ ಇತರ ಮೀನುಗಳ ಲೋಳೆ ಕಿತ್ತು ಕಾಡುತ್ತದೆ, ಬಹುಪಾಲು ದಿನಗಳೆದಂತೆ ಸೊರಗಿ ಸಾಯುತ್ತವೆ. ಮೀನಿಗೆ ಬಿಳಿ ಚುಕ್ಕೆ ರೋಗ ಬಂದಿದೆ, ರಾಸ್ ತಂದರೆ ವಾಸಿಯಾಗುತ್ತದೆ ಎಂಬ ಸಲಹೆಯೂ ಹುಸಿ. ಆ ರೋಗಾಣು ಚರ್ಮದ ಒಳಗೆ ಹುದುಗಿರುತ್ತದೆ, ಅದಕ್ಕೆ ಮದ್ದು ಪ್ರತ್ಯೇಕ ತೊಟ್ಟಿಯಲ್ಲಿ ಚಿಕಿತ್ಸೆ. ಶುಚಿ ಮಾಡುವ ನೋಟವೇ ಬೇಕೆನ್ನುವವರಿಗೆ ತೊಟ್ಟಿಯಲ್ಲೇ ಮರಿ ಮಾಡಿಸಿದ ನಿಯಾನ್ ಗೋಬಿಯೋ, ಬೆನ್ನ ಮೇಲೆ ಬಿಳಿ ಗೆರೆಯ ಕ್ಲೀನರ್ ಸಿಗಡಿಯೋ ಇದೆ. ಎರಡೂ ಹಾಕಿದ ಆಹಾರ ತಿಂದು ಬದುಕುತ್ತವೆ.

ಯಾರೂ ಗಮನಿಸದ ಇನ್ನೊಂದು ಜೋಡಿಯ ಪರ ಮಾತಾಡದೆ ಇರಲಾರೆ. ಪೊಸಿಲೊಪೊರಾ ಹವಳದ ಕೊಂಬೆಗಳ ನಡುವೆ ಟ್ರಪೀಝಿಯಾ ಎಂಬ ಪುಟ್ಟ ಏಡಿ ಇರುತ್ತದೆ. ಹವಳ ತಿನ್ನಲು ಬರುವ ಮುಳ್ಳಿನ ನಕ್ಷತ್ರಮೀನನ್ನು ಕಡಲಲ್ಲಿ ಅದು ಚಿವುಟಿ ಓಡಿಸುತ್ತದೆ, ಕೊಂಬೆಗಳ ಮೇಲೆ ಕೂರುವ ಕಸ, ಹೂಳನ್ನು ಗುಡಿಸುತ್ತದೆ. ಫ್ರೆಂಚ್ ಪಾಲಿನೇಷ್ಯಾದ ಮೊರಿಯಾ ದ್ವೀಪದಲ್ಲಿ ಸಂಶೋಧಕರು ಹೂಳು ಬೀಳುವ ಕಡೆ ಹವಳಗಳಿಂದ ಏಡಿಗಳನ್ನು ತೆಗೆದು ನೋಡಿದಾಗ ತಿಂಗಳೊಳಗೆ ಅವುಗಳಲ್ಲಿ ಬಹಳಷ್ಟು ಸತ್ತವು. ತೊಟ್ಟಿಯಲ್ಲಿ ನಕ್ಷತ್ರಮೀನಿನ ಕಾಟ ಇಲ್ಲದಿದ್ದರೂ ಕಸ ಕೂರುವುದು ತಪ್ಪಿದ್ದಲ್ಲ, ಹಾಗಾಗಿ ಏಡಿಯ ಕೆಲಸ ಮುಂದುವರಿಯುತ್ತದೆ. ಆದರೂ ಹವಳದಲ್ಲಿ ಏಡಿ ಕಂಡ ಕೂಡಲೇ ಚಿಮಟ ಹಿಡಿದು ಎಳೆದು ಬಿಸಾಡುವವರೇ ಹೆಚ್ಚು. ಕಾಲಿನ ತುಂಬ ಕೂದಲು, ಕಪ್ಪು ತುದಿಯ ಕೊಂಡಿ ಇದ್ದರೆ ಅನುಮಾನಿಸಲಿ. ಚಿಪ್ಪು ನುಣುಪಾಗಿ ಹೊಳೆಯುತ್ತ, ಕೊಂಬೆ ಬಿಟ್ಟು ಕದಲದ ಏಡಿಯನ್ನು ಅದರ ಪಾಡಿಗೆ ಬಿಡಲಿ. ಒಂದು ತೊಡಕು ಮಾತ್ರ ನಮ್ಮ ದೇಶದವರು ನೆನಪಿಡಬೇಕಾದ್ದು. 2001ರಿಂದ ನಮ್ಮ ಕಡಲಿನ ಗಟ್ಟಿ ಹವಳಗಳಿಗೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಲಕ್ಷದ್ವೀಪದಿಂದಲೋ ಮನ್ನಾರ್ ಕೊಲ್ಲಿಯಿಂದಲೋ ಕಿತ್ತು ತಂದದ್ದು ಕಳ್ಳಮಾಲು. ಆ ಹವಳ ಎಲ್ಲಿ ಬೆಳೆದದ್ದು ಎಂದು ಕೇಳಿದಾಗ ಅಂಗಡಿಯವರು ಕಾಗದ ತೋರಿಸದಿದ್ದರೆ, ಏಡಿ ಎಷ್ಟೇ ಚೆಂದವಿದ್ದರೂ ಬರಿಗೈಯಲ್ಲಿ ಹೊರಡುವುದೇ ಸರಿ.